‘ನಮ್ದೇ’ ಎಂದರೆ ಯಾರದು?

ಸಹೋದರಿಯರೇ, ‘ಈ ಸಲ ಕಪ್ ನಮ್ದೇ’ ಎಂದು ನಿಮ್ಮ ಮನೆಯ ಮಕ್ಕಳೂ ಕೂಗಿರಬಹುದು. ಆ ‘ನಮ್ದೇ’ಯ ಕುರಿತು ಸ್ವಲ್ಪ ಯೋಚಿಸೋಣ.

2008ರಲ್ಲಿ ವಿಜಯ್ ಮಲ್ಯರ ಕಂಪೆನಿ ಬೆಂಗಳೂರು ತಂಡವನ್ನು 11.16 ಕೋಟಿ ಡಾಲರಿಗೆ ಹರಾಜಿನಲ್ಲಿ ಕೊಂಡಿತು. ತಂಡದ ಹೆಸರು ಬಂದದ್ದು ಊರಿನ ಇತಿಹಾಸದಿಂದಲ್ಲ, ರಾಯಲ್ ಚಾಲೆಂಜ್ ಎಂಬ ವಿಸ್ಕಿಯಿಂದ. ಮದ್ಯದ ಜಾಹೀರಾತಿಗೆ ನಿರ್ಬಂಧವಿರುವ ದೇಶದಲ್ಲಿ ಆ ಹೆಸರು ಮಕ್ಕಳ ಎದೆಯೇರಿ ಮನೆಯೊಳಗೆ ಬಂತು. ಬಾಟಲಿಯನ್ನು ಹೊಸ್ತಿಲು ದಾಟಲು ಬಿಡದ ತಾಯಂದಿರೂ ಆ ಜೆರ್ಸಿಯನ್ನು ಒಗೆದು ಇಸ್ತ್ರಿ ಹಾಕಿದ್ದಾರೆ!

2016ರಲ್ಲಿ ಮಲ್ಯ ದೇಶ ಬಿಟ್ಟರು. ಅಷ್ಟರಲ್ಲಿ ಯುನೈಟೆಡ್ ಸ್ಪಿರಿಟ್ಸ್ ಬ್ರಿಟನ್ನಿನ ಡಿಯಾಜಿಯೊ ಕಂಪೆನಿಯ ಹಿಡಿತಕ್ಕೆ ಹೋಗಿತ್ತು, ಅದರೊಂದಿಗೆ ತಂಡವೂ. ಅಭಿಮಾನಿಗಳನ್ನು ಯಾರೂ ಕೇಳಲಿಲ್ಲ. ಕೊಹ್ಲಿಯೊಬ್ಬರನ್ನು ಬಿಟ್ಟರೆ ಆಟಗಾರರೂ ಬದಲಾಗುತ್ತಲೇ ಹೋದರು. ಜನ ಮಾತ್ರ ಕದಲಲಿಲ್ಲ. (2024ರಲ್ಲಿ ಮೊದಲ ಕಪ್ ತಂದದ್ದು ಮಹಿಳಾ ತಂಡ ಎಂಬುದನ್ನು ಗಂಡಸರು ಬೇಗ ಮರೆಯುತ್ತಾರೆ.) ಈ ನಿಷ್ಠೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೋಲಿನಲ್ಲೂ ಜೊತೆ ಬಿಡದ ಮನಸ್ಸು ಅಪರೂಪದ್ದು. ಆದರೆ ಅದನ್ನು ಯಾರ ಕೈಗೆ ಕೊಡುತ್ತಿದ್ದೇವೆ?

2025ರ ಜೂನ್ 3ರಂದು ಪುರುಷರ ತಂಡವೂ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹೆಚ್ಚಿನವರು ಹರೆಯದವರು, ಶಾಲೆಗೆ ಹೋಗುವ ಬಾಲಕಿಯೂ ಇದ್ದಳು. ಒಳಗೆ ಸಂಭ್ರಮ ನಡೆದೇ ಇತ್ತು. ಹೊಣೆಯ ಮಾತು ಬಂದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು. ತಂಡವು ಪ್ರತಿ ಕುಟುಂಬಕ್ಕೆ 25 ಲಕ್ಷ ರೂಪಾಯಿ ಘೋಷಿಸಿತು.

ಅದೇ ನವೆಂಬರಿನಲ್ಲಿ, ತಂಡದಲ್ಲಿ ತೊಡಗಿಸಿದ ಹಣದ ಬಗ್ಗೆ ಮರುಪರಿಶೀಲನೆ ಆರಂಭಿಸಿರುವುದಾಗಿ ಕಂಪೆನಿ ಶೇರು ಮಾರುಕಟ್ಟೆಗೆ ಬರೆದು ತಿಳಿಸಿತು. ಸರಳವಾಗಿ ಹೇಳಬೇಕೆಂದರೆ, ಮಾರಾಟದ ಯೋಚನೆ.