ಉಸಿರು ಪಳಗಿದಷ್ಟು ಬೇಗ ಮೊಣಕಾಲು ಪಳಗದು

ಧಾರವಾಡದ ಕೆ.ಸಿ.ಡಿ. ಮೈದಾನಕ್ಕೆ ನಸುಕಿನಲ್ಲಿ ಹೋದವರಿಗೆ ಓಡುವ ಯುವಕರ ಗುಂಪುಗಳು ಕಾಣಸಿಗುತ್ತವೆ. ಅವರಲ್ಲಿ ಬಹಳ ಮಂದಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಆಕಾಂಕ್ಷಿಗಳು. ಲಿಖಿತ ಪರೀಕ್ಷೆಯಲ್ಲಿ ಆಯ್ಕೆಯಾದ ಮೇಲೆ ದೇಹದಾರ್ಢ್ಯ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು. ನಾನೂರು ಮೀಟರಿನ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು. ಬಾಲ್ಯದಿಂದ ಓಡಿದವನಿಗೆ ಇದು ದೊಡ್ಡ ಮಾತಲ್ಲ. ಆದರೆ ಎರಡು ಮೂರು ವರ್ಷ ವಾಚನಾಲಯದ ಕುರ್ಚಿಯಲ್ಲೇ ಕಳೆದು, ಫಲಿತಾಂಶ ಬಂದ ಮರುದಿನ ಬೂಟು ಕಟ್ಟಿದವನಿಗೆ ಇದು ದೊಡ್ಡ ಮಾತೇ. ಹಾಗೆ ಓಡಲು ತೊಡಗಿದವರಲ್ಲಿ ಕೆಲವರು ಮೂರನೆಯದೋ ನಾಲ್ಕನೆಯದೋ ವಾರದಲ್ಲಿ ಮೈದಾನದ ಅಂಚಿನಲ್ಲಿ ಮೊಣಕಾಲು ಹಿಡಿದು ಕುಳಿತಿರುತ್ತಾರೆ.

ಮೂವತ್ತು ವರ್ಷ ಪ್ರೌಢಶಾಲೆಯ ದೈಹಿಕ ಶಿಕ್ಷಕನಾಗಿದ್ದ ನಾನು ಈ ವಿಷಯದಲ್ಲಿ ನಿರಪರಾಧಿಯಲ್ಲ. ನವಲಗುಂದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಿಖಿತ ಪರೀಕ್ಷೆ ಗೆದ್ದು, ಓಟ ಕಲಿಸಬೇಕೆಂದು ನನ್ನ ಬಳಿ ಬಂದ. ಕೈಯಲ್ಲಿದ್ದುದು ಕೇವಲ ಐದು ವಾರ. ಮೊದಲ ದಿನವೇ ಎಂಟು ಸುತ್ತು ಓಡಿಸಿದೆ. ಒಂದು ದಿನವೂ ಬಿಡುವು ಕೊಡಲಿಲ್ಲ. ಹದಿನೈದು ದಿನಗಳಲ್ಲಿ ಅವನ ಉಸಿರು ಎಷ್ಟು ಸುಧಾರಿಸಿತೆಂದರೆ ನನಗೇ ಹೆಮ್ಮೆಯಾಯಿತು. ಆಮೇಲೊಂದು ಮುಂಜಾನೆ, "ಸರ್, ಮೆಟ್ಟಿಲ ಇಳಿಯುವಾಗಷ್ಟ ಮಣಕಾಲ ಹಿಡದಂಗಾಗತೈತ್ರಿ" ಎಂದ. "ಓಡತಾ ಓಡತಾ ಹೋಗತೈತಿ, ಓಡಪಾ" ಎಂದು ನಾನೇ ಹೇಳಿದೆ. ಪರೀಕ್ಷೆಯ ದಿನ ಅವನು ಮೂರನೆಯ ಸುತ್ತಿನಲ್ಲಿ ಕುಂಟುತ್ತ ಹೊರಬಂದ. ಮನೆಯಲ್ಲಿ ಮೂರು ಎಕರೆ ಎರೆ ಹೊಲ, ಮೇಲೆ ಸಾಲ. ಅವನ ತಂದೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಇದನ್ನು ಓದಿದ ಹಿರಿಯರು "ಓಡಿದರೆ ಮೊಣಕಾಲು ಸವೆಯುತ್ತದೆಂದು ನಾವು ಮೊದಲೇ ಹೇಳಿದ್ದೆವು" ಎನ್ನಬಹುದು. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಮತ್ತು ಮೊಣಕಾಲಿನ ಸಂಧಿವಾತ ಶೇ. 3.5ರಷ್ಟು ಮಂದಿಯಲ್ಲಿ ಕಂಡುಬಂದರೆ, ಓಡದೆ ಕುಳಿತಿರುವವರಲ್ಲಿ ಶೇ. 10.2ರಷ್ಟು ಮಂದಿಯಲ್ಲಿ ಕಂಡುಬಂದಿತು. ಸ್ಪರ್ಧೆಗಾಗಿ ವಿಪರೀತ ಓಡುವವರಲ್ಲಿ ಮಾತ್ರ ಅದು ಶೇ. 13.3ಕ್ಕೆ ಏರಿತ್ತು. ಕೀಲಿನ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಒತ್ತಿಕೊಂಡು, ಭಾರ ಇಳಿದಾಗ ಸ್ಪಂಜಿನಂತೆ ಕೀಲಿನ ದ್ರವವನ್ನು ಹೀರಿಕೊಂಡು ಅದು ಪೋಷಣೆ ಪಡೆಯುತ್ತದೆ. ಆದುದರಿಂದ ಹದವಾದ ಓಟ ಮೊಣಕಾಲಿಗೆ ಶತ್ರುವಲ್ಲ. ಕೆಡುವುದು ಅವಸರದಿಂದ.

ಅವಸರ ಏಕೆ ಕೆಡಿಸುತ್ತದೆ ಎಂಬುದನ್ನು ನಾನು ಬಹಳ ತಡವಾಗಿ ಅರಿತೆ. ಓಡುವಾಗ ಪ್ರತಿ ಹೆಜ್ಜೆಯಲ್ಲಿ ನೆಲವು ಕಾಲಿಗೆ ಮರಳಿಸುವ ಒತ್ತಡ ದೇಹತೂಕದ ಎರಡರಿಂದ ಮೂರು ಪಟ್ಟು. ಅರವತ್ತು ಕಿಲೋ ತೂಕದ ಹುಡುಗನ ಒಂದೊಂದು ಹೆಜ್ಜೆಗೂ ಸುಮಾರು ಒಂದೂವರೆ ಕ್ವಿಂಟಲ್, ಅಂದರೆ ಒಂದೂವರೆ ಚೀಲ ಜೋಳದ ಭಾರ. ನಾಲ್ಕು ಸುತ್ತಿಗೆ ಅಂಥ ಹೆಜ್ಜೆಗಳು ಸಾವಿರಕ್ಕೂ ಮೇಲೆ. ಹೃದಯ ಮತ್ತು ಶ್ವಾಸ ಕೆಲವೇ ವಾರಗಳಲ್ಲಿ ಈ ಶ್ರಮಕ್ಕೆ ಒಗ್ಗುತ್ತವೆ. ಸ್ನಾಯುಗಳು ಅವುಗಳ ಹಿಂದೆ ಬರುತ್ತವೆ. ಸ್ನಾಯುರಜ್ಜು ಮತ್ತು ಎಲುಬುಗಳಿಗೆ ತಿಂಗಳುಗಳು ಬೇಕು. ಹೀಗಾಗಿ "ಇವತ್ತು ಇನ್ನೂ ಎರಡು ಸುತ್ತು ಓಡಬಲ್ಲೆ" ಎಂದು ಉಸಿರು ಹೇಳುವ ಮೂರನೆಯ ವಾರವೇ ಅಪಾಯದ ವಾರ. ನನ್ನ ವಿದ್ಯಾರ್ಥಿಯ ಉಸಿರನ್ನು ಕಂಡು ನಾನು ಮೋಸಹೋದೆ. ಅವನ ಮೊಣಕಾಲು ಅಷ್ಟರಲ್ಲೇ ಉತ್ತರ ಹೇಳಿತ್ತು.

ಆರಂಭಿಕರಲ್ಲಿ ಹೆಚ್ಚಾಗಿ ಕಾಣುವುದು ಮೊಣಕಾಲ ಚಿಪ್ಪಿನ ಸುತ್ತ ಅಥವಾ ಅದರ ಹಿಂದೆ ಬರುವ ನೋವು. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಲ್ಲಿ ಕೂತಾಗ, ಬಹಳ ಹೊತ್ತು ಕಾಲು ಮಡಚಿ ಕುಳಿತು ಎದ್ದಾಗ ಅದು ಹೆಚ್ಚುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಅವರಿಗೆ 400 ಮೀಟರನ್ನು 2 ನಿಮಿಷದಲ್ಲಿ ಓಡಿದರೆ ಸಾಕು ಎಂದು ಹಗುರವಾಗಿ ಮಾತನಾಡುವವರು, ಪ್ರೌಢಶಾಲೆ ಮುಗಿದ ಮೇಲೆ ಎಷ್ಟು ಹುಡುಗಿಯರಿಗೆ ಓಡಲು ಬಯಲು ಸಿಕ್ಕಿದೆ ಎಂದು ಒಮ್ಮೆ ಯೋಚಿಸಬೇಕು.

ಹಾಗಾದರೆ ಹೇಗೆ ಆರಂಭಿಸಬೇಕು? ನಡಿಗೆಯಿಂದ. ಅರ್ಧ ಗಂಟೆ ಬಿರುಸಾಗಿ ನಡೆದರೂ ಆಯಾಸವಾಗದವನು ಒಂದು ನಿಮಿಷ ನಿಧಾನವಾಗಿ ಓಡಲಿ, ಎರಡು ನಿಮಿಷ ನಡೆಯಲಿ. ಹೀಗೆ ಎಂಟು ಹತ್ತು ಸಲ. ವಾರಕ್ಕೆ ಮೂರೇ ದಿನ, ಪ್ರತಿ ಓಟದ ನಡುವೆ ಒಂದು ದಿನ ಬಿಡುವು. ಓಡುವಾಗ ಪಕ್ಕದವನೊಡನೆ ತಡೆಯಿಲ್ಲದೆ ಮಾತನಾಡಲು ಬರಬೇಕು. ಬಾರದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ವಾರಗಳು ಕಳೆದಂತೆ ಓಟದ ನಿಮಿಷ ಹೆಚ್ಚಲಿ, ನಡಿಗೆ ಕುಗ್ಗಲಿ. ಇಪ್ಪತ್ತು ನಿಮಿಷ ನಿಲ್ಲದೆ, ನೋವಿಲ್ಲದೆ ಓಡಲು ಬಂದ ಮೇಲೆಯೇ ಕೈಗಡಿಯಾರ ನೋಡಬೇಕು, ಅದೂ ವಾರಕ್ಕೆ ಒಂದೇ ದಿನ.

ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬಾರದೆಂಬ ಸೂತ್ರವನ್ನು ಹಲವರು ಹೇಳುತ್ತಾರೆ. ಒಳ್ಳೆಯ ಸೂತ್ರವೇ, ಆದರೆ ಶಿಲಾಶಾಸನವಲ್ಲ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರಲ್ಲಿ ಕೆಲವರಿಗೆ ಎಂಟು ವಾರಗಳ ತರಬೇತಿಯನ್ನೂ, ಉಳಿದವರಿಗೆ ಈ ಸೂತ್ರದಂತೆ ನಿಧಾನವಾಗಿ ಏರುವ ಹದಿಮೂರು ವಾರಗಳ ತರಬೇತಿಯನ್ನೂ ಕೊಟ್ಟು ನೋಡಿದರು. ಎರಡೂ ಗುಂಪುಗಳಲ್ಲಿ ಗಾಯಗೊಂಡವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು, ಐವರಲ್ಲಿ ಒಬ್ಬರಿಗೆ. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಕ್ಯಾಲೆಂಡರಿನ ಲೆಕ್ಕವನ್ನಷ್ಟೇ ನಂಬಿ ಓಡಿಸಬಾರದು, ಓಡಿದ ಮರುದಿನ ಬೆಳಿಗ್ಗೆ ಆ ಒಬ್ಬ ಹುಡುಗನ ಮೊಣಕಾಲು ಏನು ಹೇಳುತ್ತದೆಂದು ಕೇಳಬೇಕು. ಮೆಟ್ಟಿಲು ಇಳಿಯುವಾಗ ನೋವಿಲ್ಲದಿದ್ದರೆ ಮುಂದಿನ ಹಂತ. ಸಣ್ಣ ನೋವು ಉಳಿದಿದ್ದರೆ ಅದೇ ಹಂತ. ನಿನ್ನೆಗಿಂತ ಹೆಚ್ಚಾಗಿದ್ದರೆ ಎರಡು ಹೆಜ್ಜೆ ಹಿಂದೆ.

ಹೆಜ್ಜೆಯ ಉದ್ದವನ್ನೂ ಗಮನಿಸಬೇಕು. ವೇಗ ಬೇಕೆಂದಾಗ ಹೊಸಬರು ಪಾದವನ್ನು ದೂರಕ್ಕೆ ಚಾಚಿ, ಮೊಣಕಾಲನ್ನು ನೆಟ್ಟಗೆ ಮಾಡಿ ಹಿಮ್ಮಡಿ ಊರುತ್ತಾರೆ. ಆಗ ಹೊಡೆತ ನೇರವಾಗಿ ಮೊಣಕಾಲಿಗೆ. ಅದೇ ವೇಗದಲ್ಲಿ ಹೆಜ್ಜೆಗಳ ಸಂಖ್ಯೆಯನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಮೊಣಕಾಲಿನ ಹೊರೆ ಗಮನಾರ್ಹವಾಗಿ ಇಳಿಯುವುದೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ನಾನು ಮಕ್ಕಳಿಗೆ ಹೇಳುವುದು "ಸದ್ದಿಲ್ಲದೆ ಓಡಿ" ಎಂದು ಮಾತ್ರ. ಸದ್ದು ಕಡಿಮೆಯಾಗಬೇಕಾದರೆ ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ.

ಇನ್ನು ಬಸ್ಕಿ. ಮನೆಗೆಲಸ ತರದ ಮಕ್ಕಳಿಗೆ ಶಿಕ್ಷೆಯೆಂದು ಹೊಡೆಸಿ ಹೊಡೆಸಿ ಒಳ್ಳೆಯ ವ್ಯಾಯಾಮವೊಂದರ ಮಾನವನ್ನು ನಾವೇ ಶಿಕ್ಷಕರು ಕಳೆದೆವು. ಗರಡಿಮನೆಯ ಪೈಲವಾನರು ಅದನ್ನು ಬೈಠಕ್ ಎಂದು ಗೌರವದಿಂದ ಮಾಡುತ್ತಿದ್ದರು. ಮೊಣಕಾಲನ್ನು ಕಾಯುವುದು ತೊಡೆಯ ಮುಂಭಾಗದ ಮತ್ತು ಪೃಷ್ಠದ ಸ್ನಾಯುಗಳು. ದಿನವಿಡೀ ಕುಳಿತು ಓದುವವರಲ್ಲಿ ಸೊರಗುವುದೂ ಇವೇ. ಆರಂಭದಲ್ಲಿ ಕುರ್ಚಿಯ ಎತ್ತರದವರೆಗೆ ಮಾತ್ರ ಕುಳಿತು ಏಳುವುದು, ಗಿಡ್ಡ ಮೆಟ್ಟಿಲನ್ನು ಒಂದೊಂದೇ ಕಾಲಿನಿಂದ ಹತ್ತಿ ನಿಧಾನವಾಗಿ ಇಳಿಯುವುದು, ಒಂದು ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೆಟ್ಟಗೆ ಎತ್ತುವುದು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಇಷ್ಟನ್ನು ಓಡದ ದಿನಗಳಲ್ಲಿ ಹದಿನೈದು ನಿಮಿಷ ಮಾಡಿದರೆ ಸಾಕು.

ನೆಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಮತಟ್ಟಾದ ಮಣ್ಣಿನ ಮೈದಾನ ಉತ್ತಮ. ಡಾಂಬರು ರಸ್ತೆಯ ಅಂಚು ಒಂದು ಕಡೆಗೆ ವಾಲಿರುವುದರಿಂದ ಎರಡು ಕಾಲುಗಳಿಗೆ ಭಾರ ಸಮನಾಗಿ ಬೀಳುವುದಿಲ್ಲ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಕತ್ತಲಲ್ಲಿ ಅಲ್ಲಿ ಓಡುವುದು ಸಲ್ಲದು. ಬೂಟಿಗೆ ಸಾಲ ಮಾಡಬೇಕಾಗಿಲ್ಲ. ಪಾದಕ್ಕೆ ಸರಿಹೊಂದಿದ, ಅಟ್ಟೆ ಸವೆಯದ ಓಟದ ಬೂಟು ಇದ್ದರೆ ಆಯಿತು.

ಆದರೆ ಒಂದು ವಿಷಯದಲ್ಲಿ ಕಠಿಣವಾಗಿ ಹೇಳಲೇಬೇಕು. ನೋವಿನ ಮಾತ್ರೆ ನುಂಗಿ, ಮೊಣಕಾಲಿಗೆ ಪಟ್ಟಿ ಬಿಗಿದು ಓಡುವ ರೂಢಿ ಆಕಾಂಕ್ಷಿಗಳಲ್ಲಿ ಬೆಳೆಯುತ್ತಿದೆ. ಮಾತ್ರೆ ಗಾಯವನ್ನು ವಾಸಿಮಾಡುವುದಿಲ್ಲ, ಗಾಯದ ಸುದ್ದಿಯನ್ನು ತಡೆಹಿಡಿಯುತ್ತದೆ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೂ ಹೊರೆ. ಮೊಣಕಾಲು ಊದಿಕೊಂಡರೆ, ಮಡಚಿದ ಕಾಲು ಸಿಕ್ಕಿಕೊಂಡಂತಾದರೆ, ನಿಂತಲ್ಲೇ ಕುಸಿದಂತಾದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಬೇಕು.

ತರಬೇತಿ ಕೇಂದ್ರಗಳನ್ನು ನಡೆಸುವವರಲ್ಲಿಯೂ ಪಾಲಕರಲ್ಲಿಯೂ ನನ್ನದೊಂದು ವಿನಂತಿ. ಪುಸ್ತಕ ತೆರೆದ ದಿನವೇ ಹುಡುಗರಿಗೆ ಬೂಟನ್ನೂ ಕೊಡಿಸಿ. ಹತ್ತು ಗಂಟೆಯ ಓದಿನಲ್ಲಿ ಅರ್ಧ ಗಂಟೆ ಹೋದರೆ ಅಂಕ ಕಡಿಮೆಯಾಗುವುದಿಲ್ಲ. ಫಲಿತಾಂಶದ ನಂತರದ ಐದು ವಾರಗಳಲ್ಲಿ ಮೊಣಕಾಲನ್ನು ಕಟ್ಟಲು ಯಾವ ಗುರುವಿಗೂ ಆಗದು. ನನಗೆ ಆಗಲಿಲ್ಲ.

ಆ ವಿದ್ಯಾರ್ಥಿ ಮತ್ತೆ ಓದುತ್ತಿದ್ದಾನೆ. ವಯೋಮಿತಿ ಮೀರಲು ಇನ್ನೊಂದೇ ಅವಕಾಶ ಉಳಿದಿದೆ. ಈ ಸಲ ಅಧಿಸೂಚನೆ ಬರುವ ಮೊದಲೇ ಓಟ ಆರಂಭಿಸಿದ್ದೇವೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಡಿದ ಮರುದಿನ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ ನಾನು ಕೇಳುವುದು ಒಂದೇ ಪ್ರಶ್ನೆ: "ಮೆಟ್ಟಿಲ ಇಳದ ನೋಡಿದೇನಪಾ?"