ಕಡಲಿಗೆ ಹೋಗೋಣವೋ, ಪಟ್ಟಣಕ್ಕೋ?

ದಸರಾ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುತ್ತಿದ್ದಂತೆ ಮಕ್ಕಳ ಬಾಯಲ್ಲಿ ಒಂದೇ ಮಾತು: ‘ಸಾರ್, ಈ ಸಲ ಟೂರ್ ಎಲ್ಲಿಗೆ?’ ಬೆಳಕಿನ ವಕ್ರೀಭವನದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದವರು ಇದನ್ನು ಕೇಳಲು ಮಾತ್ರ ಎದ್ದು ನಿಲ್ಲುತ್ತಾರೆ. ಕೈ ಎತ್ತಿಸಿ ನೋಡಿದರೆ ಮುಕ್ಕಾಲು ಪಾಲು ಕೈಗಳು ಸಮುದ್ರಕ್ಕೆ, ಮಿಕ್ಕವು ಬೆಂಗಳೂರು, ಮೈಸೂರಿಗೆ.

ಪೋಷಕರಲ್ಲೂ ಎರಡು ಪಕ್ಷ ಇದೆ. ‘ಅಷ್ಟು ದೂರ ಯಾಕೆ ಮೇಷ್ಟ್ರೇ, ಬೆಂಗಳೂರು ಇಲ್ಲೇ ಐತಲ್ಲ’ ಎನ್ನುವವರು ಒಂದು ಕಡೆ. ‘ನಾವಂತೂ ಸಮುದ್ರ ನೋಡಲಿಲ್ಲ, ಹುಡುಗರಾದ್ರೂ ನೋಡ್ಲಿ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಹಾಗಾದರೆ ಆರಿಸುವುದು ಹೇಗೆ? ಶಾಲೆಯ ಪ್ರವಾಸಕ್ಕಷ್ಟೇ ಅಲ್ಲ, ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಹೊರಡುವಾಗಲೂ ಉಪಯೋಗಕ್ಕೆ ಬರುವ ಕೆಲವು ಲೆಕ್ಕಗಳನ್ನು ಈ ವಾರ ನೋಡೋಣ.

ಮೊದಲು ಭೂಪಟ ತೆಗೆಯಿರಿ

ನಮ್ಮ ಪೆರೇಸಂದ್ರ ಇರುವುದು ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ನಮ್ಮ ಜಿಲ್ಲೆಯಲ್ಲಿ ಇಲ್ಲ. ಮಳೆ ಬಂದಾಗ ಮೈದುಂಬುವ ಚಿತ್ರಾವತಿ ಬಾಗೇಪಲ್ಲಿಯ ಮೇಲೆ ಹಾದು ಆಂಧ್ರಕ್ಕೆ ಹೋಗಿ ಪೆನ್ನೆಯನ್ನು, ಅಂದರೆ ಉತ್ತರ ಪಿನಾಕಿನಿಯನ್ನು, ಸೇರುತ್ತದೆ. ಆ ಪೆನ್ನೆ ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳಕೊಲ್ಲಿಗೆ ಬೀಳುತ್ತದೆ. ನಮ್ಮ ಊರಿನ ನೀರು ಪೂರ್ವದ ಸಮುದ್ರಕ್ಕೆ ಹೋಗುತ್ತದೆ, ನಮ್ಮ ಮಕ್ಕಳು ಪಶ್ಚಿಮದ ಸಮುದ್ರಕ್ಕೆ ಹೋಗುತ್ತಾರೆ!

ಅಟ್ಲಾಸಿನ ಮೇಲೆ ಸ್ಕೇಲು ಇಟ್ಟು ಅಳೆದು ನೋಡಿ. ನೇರ ಗೆರೆಯಲ್ಲಿ ಪೂರ್ವದ ಕಡಲು ನಮಗೆ ಸುಮಾರು 260 ಕಿ.ಮೀ., ಪಶ್ಚಿಮದ್ದು 330 ಕಿ.ಮೀ. ಪೆರೇಸಂದ್ರದಿಂದ ಪೂರ್ವಕ್ಕೆ ಎಳೆದ ಗೆರೆ ಹೆಚ್ಚುಕಡಿಮೆ ಶ್ರೀಹರಿಕೋಟಾವನ್ನೇ ಮುಟ್ಟುತ್ತದೆ. ಅಲ್ಲಿ ರಾಕೆಟ್ ಹಾರುವುದನ್ನು ಜನ ಕುಳಿತು ನೋಡಲೆಂದೇ 2019ರಲ್ಲಿ ಗ್ಯಾಲರಿ ತೆರೆದರು. ಮೊದಲೇ ಹೆಸರು ನೋಂದಾಯಿಸಬೇಕು. ಸಮುದ್ರವೂ ಪಟ್ಟಣವೂ ಒಂದೇ ಕಡೆ ಬೇಕೆನ್ನುವವರಿಗೆ ಚೆನ್ನೈ ಇದೆ, ತಾರಾಲಯವೂ ಇದೆ. ಆದರೆ ಮರೀನಾ ತೀರ ನಡೆದಾಡಲು ಚೆಂದ, ನೀರಿಗಿಳಿಯಲು ಅಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕರಾವಳಿಯಲ್ಲಿ ಹಿಂಗಾರು ಮಳೆ, ಚಂಡಮಾರುತಗಳ ಕಾಲ. ಹೋಗುವುದಾದರೆ ಸಂಕ್ರಾಂತಿ ಕಳೆದ ಮೇಲೆ ಹೋಗಿ.

ಗಂಟೆಯ ಲೆಕ್ಕ

ಪಶ್ಚಿಮಕ್ಕೇ ಹೋಗೋಣ ಎಂದುಕೊಳ್ಳಿ. ಮುರುಡೇಶ್ವರ ರಸ್ತೆಯಲ್ಲಿ 500 ಕಿ.ಮೀ. ಆಸುಪಾಸು. ಘಟ್ಟ ಇಳಿಯಬೇಕು, ನಡುವೆ ಕಾಫಿ–ತಿಂಡಿಗೆ ನಿಲ್ಲಬೇಕು. ಗಂಟೆಗೆ ಸರಾಸರಿ 45 ಕಿ.ಮೀ. ಎಂದರೂ ಹೋಗಲು 11 ಗಂಟೆ, ಬರಲು 11 ಗಂಟೆ. ಮೂರು ದಿನದ ಪ್ರವಾಸ ಎಂದರೆ 72 ಗಂಟೆ. ಅದರಲ್ಲಿ 22 ಗಂಟೆ ಬಸ್ಸಿಗೆ, ಎರಡು ರಾತ್ರಿಯ ನಿದ್ದೆ 16 ಗಂಟೆ. ಉಳಿದ 34ರಲ್ಲಿ ಸ್ನಾನ, ಊಟ, ಸಾಲು ನಿಲ್ಲುವುದು, ತಲೆ ಎಣಿಸುವುದು ಎಂದು 12 ಕಳೆಯಿರಿ. ಒಂದೂರಿನಿಂದ ಇನ್ನೊಂದೂರಿಗೆ ಓಡಾಡಲು 8 ಕಳೆಯಿರಿ. ಕೈಯಲ್ಲಿ ಉಳಿದದ್ದು 14 ಗಂಟೆ.

ಈಗ ನಮ್ಮ ವಾಡಿಕೆಯ ಪಟ್ಟಿ ನೋಡಿ: ಹೊರನಾಡು, ಶೃಂಗೇರಿ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಜೋಗ. ಒಟ್ಟು ಏಳು. ಒಂದೊಂದಕ್ಕೆ ಎರಡು ಗಂಟೆ! ಅದೂ ಎಲ್ಲ ಹೊತ್ತಿಗೆ ಸರಿಯಾಗಿ ನಡೆದರೆ. ನಡೆಯುವುದಿಲ್ಲ. ಹಾಗಾಗಿ ಸಮುದ್ರಕ್ಕೆ ಸಿಗುವುದು ಸಂಜೆ ಹೊತ್ತು ಮುಳುಗುವಾಗಿನ ಒಂದು ಗಂಟೆ. ಮಕ್ಕಳಿಗೆ ಎರಡು ದಿನದ ನಿದ್ದೆ ಬಾಕಿ, ಮೇಷ್ಟ್ರುಗಳಿಗೆ ಇನ್ನೂ ಹೆಚ್ಚು ಬಾಕಿ. ಬಸ್ಸಿನಿಂದ ಇಳಿದವರೇ ನೀರಿಗೆ ಓಡುತ್ತಾರೆ. ಆ ಒಂದು ಗಂಟೆಯೇ ಅಪಾಯದ ಗಂಟೆ.

2024ರ ಡಿಸೆಂಬರ್ 10ರಂದು ನಮ್ಮ ಪಕ್ಕದ ಕೋಲಾರ ಜಿಲ್ಲೆಯಿಂದ, ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ, ಪ್ರವಾಸ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ನಮ್ಮ ಮಕ್ಕಳಂಥ ಮಕ್ಕಳೇ. ಯಾರದು ತಪ್ಪು ಎಂದು ವಿಚಾರಿಸುವುದು ಈ ಅಂಕಣದ ಕೆಲಸವಲ್ಲ. ಆದರೆ ಬಯಲುಸೀಮೆಯ ಮಗುವಿಗೆ ಸಮುದ್ರದ ಗುಣ ಹೇಳಿಕೊಡುವುದು ವಿಜ್ಞಾನದ ಮೇಷ್ಟ್ರ ಕೆಲಸ.

ಸೆಳೆತ ಎಂದರೇನು?

ಕೆರೆಯ ನೀರು ನಿಂತ ನೀರು. ಅಲ್ಲಿ ಅಪಾಯವಿರುವುದು ಆಳದಲ್ಲಿ, ಹೂಳಿನಲ್ಲಿ. ಸಮುದ್ರದಲ್ಲಿ ಮಂಡಿಯುದ್ದ ನೀರಿನಲ್ಲೂ ಅಪಾಯ ಇದೆ, ಏಕೆಂದರೆ ಅದು ಚಲಿಸುವ ನೀರು. ಒಂದರ ಹಿಂದೆ ಒಂದು ಅಲೆ ದಡಕ್ಕೆ ನೀರನ್ನು ತಂದು ಸುರಿಯುತ್ತದೆ. ಆ ನೀರು ವಾಪಸು ಹೋಗಬೇಕಲ್ಲ? ಮರಳಿನ ದಿಬ್ಬಗಳ ನಡುವೆ ಎಲ್ಲಿ ಸಂದು ಸಿಗುತ್ತದೋ ಅಲ್ಲಿ ಕಾಲುವೆಯ ಹಾಗೆ ಸೇರಿ ರಭಸದಿಂದ ಕಡಲಿಗೆ ಹಿಂದಿರುಗುತ್ತದೆ. ಇದಕ್ಕೆ ರಿಪ್ ಕರೆಂಟ್ ಎಂದು ಹೆಸರು. ನಾವು ಸೆಳೆತ ಎನ್ನೋಣ. ಜೋರಾದ ಸೆಳೆತದ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟಬಹುದು. ಒಲಿಂಪಿಕ್ಸಿನ ಈಜುಗಾರನೂ ಅದರ ಎದುರು ಈಜಿ ಗೆಲ್ಲಲಾರ.

ಮೋಸ ಇರುವುದು ಇಲ್ಲಿ: ಸೆಳೆತ ಇರುವ ಜಾಗದಲ್ಲಿ ಅಲೆಗಳು ಕಡಿಮೆ ಒಡೆಯುತ್ತವೆ. ಅಕ್ಕಪಕ್ಕದಲ್ಲಿ ಬಿಳಿ ನೊರೆ, ನಡುವೆ ತುಸು ಕಪ್ಪಾಗಿ ಶಾಂತವಾಗಿ ಕಾಣುವ ಪಟ್ಟಿ. ಗೊತ್ತಿಲ್ಲದ ಮಗು ‘ಇಲ್ಲಿ ಅಲೆ ಇಲ್ಲ’ ಎಂದು ಅಲ್ಲಿಗೇ ಇಳಿಯುತ್ತದೆ. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ದಡದ ಕಡೆಗೆ ಈಜಲು ಹೆಣಗಿ, ಸುಸ್ತಾಗಿ ಮುಳುಗುವವರೇ ಹೆಚ್ಚು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬೀಳಬೇಕು. ಬಾರದವರು ಬೆನ್ನ ಮೇಲೆ ತೇಲಿಕೊಂಡು ಕೈ ಎತ್ತಿ ಕರೆಯಬೇಕು. ದಡದಲ್ಲಿರುವವರು ಹಿಂದೆಯೇ ಹಾರಬಾರದು. ಹಗ್ಗ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕೂಗಬೇಕು.

‘ಉಪ್ಪು ನೀರಲ್ಲಿ ಮನುಷ್ಯ ಮುಳುಗಲ್ವಂತೆ ಸಾರ್’ ಎಂಬ ಮಾತೂ ಹುಡುಗರಲ್ಲಿ ಓಡಾಡುತ್ತದೆ. ಲೆಕ್ಕ ಹಾಕಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದೆ. ಅದರ ತೂಕ ಒಂದು ಕೆ.ಜಿ. 25 ಗ್ರಾಂ. 40 ಕೆ.ಜಿ. ತೂಗುವ ಹುಡುಗಿ ಪೂರ್ತಿ ಮುಳುಗಿದಾಗ ಪಕ್ಕಕ್ಕೆ ಸರಿಸುವ ನೀರು ಸುಮಾರು 40 ಲೀಟರ್. ಆರ್ಕಿಮಿಡೀಸನ ತತ್ತ್ವದಂತೆ ಕಡಲು ಅವಳನ್ನು ಕೆರೆಗಿಂತ ಹೆಚ್ಚಾಗಿ ಎತ್ತುವುದು ಬರೀ ಒಂದು ಕೆ.ಜಿ.ಯಷ್ಟು. ತಲೆಯೊಂದೇ ಅದರ ಮೂರು ನಾಲ್ಕು ಪಟ್ಟು ತೂಗುತ್ತದೆ. ಉಪ್ಪನ್ನು ನಂಬಿ ಇಳಿಯಬೇಡಿ.

ಸ್ಪೇನಿನ ತೀರ, ನಮ್ಮ ತೀರ

ಮೊಬೈಲಿನಲ್ಲಿ ಸ್ಪೇನು, ಗ್ರೀಸು, ಇಟಲಿಯ ತೀರಗಳನ್ನು ನೋಡಿದವರು ಕೇಳುತ್ತಾರೆ: ‘ಅಲ್ಲಿ ಚಿಕ್ಕ ಮಕ್ಕಳೂ ನೀರಲ್ಲಿ ಆಡ್ತವಲ್ಲ?’ ಹೌದು. ಬಾರ್ಸಿಲೋನಾದವರು 1992ರ ಒಲಿಂಪಿಕ್ಸಿಗಾಗಿ ಹಳೆಯ ಕಾರ್ಖಾನೆಗಳ ದಡವನ್ನು ತೆರವು ಮಾಡಿ, ಮರಳು ತಂದು ಹಾಕಿ, ಊರಿನ ಮಗ್ಗುಲಲ್ಲೇ ಕಡಲತೀರ ಮಾಡಿಕೊಂಡರು. ಅವರಿಗೆ ಕಡಲೋ ಪಟ್ಟಣವೋ ಎಂಬ ಚಿಂತೆಯೇ ಇಲ್ಲ. ಆದರೆ ಮೆಡಿಟರೇನಿಯನ್ ಸುತ್ತ ನೆಲ ಕಟ್ಟಿದ ಸಮುದ್ರ. ಅಟ್ಲಾಂಟಿಕಿಗೆ ಅದರ ಬಾಗಿಲು ಸುಮಾರು 14 ಕಿ.ಮೀ. ಅಗಲದ ಜಿಬ್ರಾಲ್ಟರ್. ಹಾಗಾಗಿ ಹೆಚ್ಚಿನ ಕಡೆ ಉಬ್ಬರವಿಳಿತ ಅರ್ಧ ಮೀಟರೂ ಇಲ್ಲ. ನಮ್ಮ ಕರಾವಳಿಯಲ್ಲಿ ಅದು ಒಂದೆರಡು ಮೀಟರ್. ಅಷ್ಟು ಸೌಮ್ಯವಾದ ಕಡಲಲ್ಲೂ ಅವರು ಜೀವರಕ್ಷಕರನ್ನು ಇಟ್ಟು, ಬಾವುಟ ಏರಿಸಿ ಎಚ್ಚರಿಸುತ್ತಾರೆ. ಶುಚಿಯಾದ, ಸುರಕ್ಷಿತ ತೀರಗಳಿಗೆ ಕೊಡುವ ‘ನೀಲಿ ಬಾವುಟ’ ಮಾನ್ಯತೆ 1985ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಹೊನ್ನಾವರದ ಬಳಿಯ ಕಾಸರಕೋಡಿಗೂ 2020ರಲ್ಲಿ ಅದು ದೊರೆಯಿತು. ಬಾವುಟದ ಬಣ್ಣಕ್ಕೂ ಅರ್ಥ ಇದೆ. ಕೆಂಪು ಹಾರುತ್ತಿದ್ದರೆ ನೀರಿಗಿಳಿಯುವ ಮಾತೇ ಇಲ್ಲ.

ಕಡಲು ಏನು ಕಲಿಸುತ್ತದೆ?

ಇಷ್ಟೆಲ್ಲ ಹೆದರಿಸಿದ ಮೇಲೂ ಸಮುದ್ರ ನೋಡಲೇಬೇಕು ಎನ್ನುವವನು ನಾನು. ಆದರೆ ಏಳು ಊರಿನ ಪಟ್ಟಿ ಹರಿದುಹಾಕಿ ಒಂದೇ ಊರಿನಲ್ಲಿ ಒಂದೂವರೆ ದಿನ ನಿಲ್ಲಿ. ನನ್ನ ಆಯ್ಕೆ ಮಲ್ಪೆ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬಹುದು. ಮಳೆಗಾಲದಲ್ಲಿ ದೋಣಿ ಇಲ್ಲ. ಅಲ್ಲಿ ಕಂಬ ಕಂಬವಾಗಿ ನಿಂತ ಬಂಡೆಗಳಿವೆ, ಹಲವಕ್ಕೆ ಆರು ಮುಖ. ಬೇಸಿಗೆಯಲ್ಲಿ ಗುಡಿಬಂಡೆಯ ಭೈರಸಾಗರದ ಅಂಗಳ ಒಣಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ಆರಿ ಕುಗ್ಗುವಾಗ ಇಲ್ಲಿಯೂ ಹಾಗೆಯೇ ಬಿರುಕು ಬಿಟ್ಟಿತು. ಕೆರೆಯ ಮಣ್ಣು ಕುಗ್ಗುವುದು ನೀರು ಆರಿ, ಬಂಡೆ ಕುಗ್ಗಿದ್ದು ಬಿಸಿ ಆರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ದಡದಲ್ಲಿ ಒಂದು ಕೋಲು ನೆಟ್ಟು ಗಂಟೆಗೊಮ್ಮೆ ನೀರಿನ ಗಡಿಯನ್ನು ಗುರುತಿಸಿ. ದಿನಕ್ಕೆರಡು ಸಲ ಏರಿಳಿಯುವ ಉಬ್ಬರ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುವುದನ್ನು ನೀವೇ ಕಾಣುವಿರಿ. ಹಗಲು ಕಡಲ ಕಡೆಯಿಂದ, ರಾತ್ರಿ ನೆಲದ ಕಡೆಯಿಂದ ಗಾಳಿ ಬೀಸುವುದನ್ನು ಕರವಸ್ತ್ರ ಹಿಡಿದು ನೋಡಿ. ದೂರ ಸಾಗುವ ದೋಣಿಯ ಒಡಲು ಮೊದಲು ಮರೆಯಾಗಿ ಮೇಲಿನ ಭಾಗ ಆಮೇಲೆ ಮರೆಯಾಗುತ್ತದೆ. ದಡದಲ್ಲಿ ನಿಂತ ಮಗುವಿಗೆ ದಿಗಂತ ಇರುವುದು ಸುಮಾರು 4 ಕಿ.ಮೀ. ದೂರದಲ್ಲಿ, 30 ಮೀಟರ್ ಎತ್ತರಕ್ಕೆ ಹತ್ತಿದರೆ ಅದು ಸುಮಾರು 20 ಕಿ.ಮೀ.ಗೆ ಸರಿಯುತ್ತದೆ. ಕಾಪುವಿನಲ್ಲಿ 1901ರಲ್ಲಿ ದೀಪಸ್ತಂಭ ಕಟ್ಟಿದ್ದು ಏಕೆಂದು ಆಗ ಹೇಳಿಕೊಡಬೇಕಾಗಿಲ್ಲ.

ಪಟ್ಟಣ ಏನು ಕಲಿಸುತ್ತದೆ?

ಬೆಂಗಳೂರು ನಮಗೆ 75 ಕಿ.ಮೀ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಆದರೆ ಲಾಲ್‌ಬಾಗ್, ವಿಧಾನಸೌಧ, ಮಾಲು ಎಂದು ಗೀಚುವುದಲ್ಲ. ಎರಡೇ ಜಾಗ ಸಾಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯ ಬೆಳಗ್ಗೆ, 1989ರಲ್ಲಿ ತೆರೆದ ನೆಹರೂ ತಾರಾಲಯ ಮಧ್ಯಾಹ್ನ. ತಾರಾಲಯಕ್ಕೆ ಸೋಮವಾರ ರಜೆ. ಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಮಾದರಿ ಇದೆ, ಗುಂಡಿ ಒತ್ತಿ ತಾವೇ ಮಾಡಿ ನೋಡುವ ಪ್ರಯೋಗಗಳಿವೆ. ಹೊತ್ತು ಉಳಿದರೆ ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದೂ ಭೂವೈಜ್ಞಾನಿಕ ಸ್ಮಾರಕವೇ.

ಮೈಸೂರಾದರೆ ಒಂದು ರಾತ್ರಿ ತಂಗಬೇಕು. 1892ರ ಮೃಗಾಲಯ (ಮಂಗಳವಾರ ರಜೆ), ರೈಲು ಸಂಗ್ರಹಾಲಯ, ಕನ್ನಂಬಾಡಿ. ಇಲ್ಲಿ ಒಂದು ದಾರ ಕಟ್ಟಿಕೊಂಡು ಹೋಗಿ: ನಮ್ಮ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ಮೊದಲು ನೋಡಿ, ಆಮೇಲೆ ಅವರ ಹೆಸರಿನ ಸಂಗ್ರಹಾಲಯ, ಕೊನೆಗೆ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಅಣೆಕಟ್ಟೆ. ಚಿಕ್ಕಬಳ್ಳಾಪುರದಲ್ಲಿ ಓದಿದ ಹುಡುಗ ಎಲ್ಲಿಗೆ ಮುಟ್ಟಿದ ಎಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ಹಣದ ಮಾತು

ಕೊನೆಯದಾಗಿ ಪೋಷಕರಿಗೂ ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ಪ್ರತಿ ವರ್ಷ ‘ನಾನು ಬರಲ್ಲ ಸಾರ್, ನನಗೆ ಬಸ್ಸು ಆಗಿಬರಲ್ಲ’ ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಕೆಲವರಿಗೆ ನಿಜವಾಗಿ ವಾಂತಿಯ ಕಾಟ. ಹಲವರಿಗೆ ಆಗಿಬರದಿರುವುದು ಬಸ್ಸಲ್ಲ, ಬಸ್ಸಿನ ಹಣ. ಟೊಮೆಟೊ ಬೆಲೆ ಬಿದ್ದ ವರ್ಷ, ಗೂಡಿನ ದರ ಇಳಿದ ವರ್ಷ ಅಂಥವರು ಹೆಚ್ಚುತ್ತಾರೆ. ಮಗು ಅಪ್ಪನ ಮಾನ ಕಾಪಾಡಲು ಸುಳ್ಳು ಹೇಳುತ್ತದೆ. ಅರ್ಧ ತರಗತಿಯನ್ನು ಬಿಟ್ಟು ಹೋಗುವ ಕಡಲಿಗಿಂತ ಎಲ್ಲರೂ ಹೋಗುವ ಪಟ್ಟಣ ಮೇಲು.

ಆದ್ದರಿಂದ ನನ್ನ ಸಲಹೆ ಇಷ್ಟು: ಎಂಟು, ಒಂಬತ್ತನೇ ತರಗತಿಯಲ್ಲಿ ಒಂದು ದಿನದ ಪಟ್ಟಣ. ಕಡಲಿಗೆ ಎಂಟನೇ ತರಗತಿಯಿಂದಲೇ ತಿಂಗಳಿಗಿಷ್ಟು ಎಂದು ಕೂಡಿಡಿ. ಹತ್ತರಲ್ಲಿ ಎಲ್ಲರೂ ಸೇರಿ ಒಂದೇ ಒಂದು ಕಡಲೂರಿಗೆ ಹೋಗಿ, ಹಗಲು ಹೊತ್ತಿನಲ್ಲಿ, ಜೀವರಕ್ಷಕರು ಇರುವ ಕಡೆ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಕಣ್ತುಂಬ ನೋಡಿ ಬನ್ನಿ.

ಮಾಡಿ ನೋಡಿ

ಅರ್ಧ ಲೀಟರ್ ನೀರಿಗೆ ಮೂರು ಸಣ್ಣ ಚಮಚ ಉಪ್ಪು ಹಾಕಿ ಕರಗಿಸಿ. ಇದು ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ ಉಪ್ಪು. ಅದರಲ್ಲಿ ಹೊಸ ಕೋಳಿಮೊಟ್ಟೆ ಬಿಡಿ. ಮೊಟ್ಟೆ ಮುಟ್ಟದ ಮನೆಯವರು ಆಲೂಗಡ್ಡೆಯ ತುಂಡು ಬಿಡಿ. ಅದು ತಳಕ್ಕೆ ಹೋಗಿ ಕೂರುತ್ತದೆ. ಈಗ ಒಂದೊಂದೇ ಚಮಚ ಉಪ್ಪು ಸೇರಿಸುತ್ತ, ಕಲಕುತ್ತ ಹೋಗಿ. ತೇಲಲು ಒಟ್ಟು ಎಷ್ಟು ಚಮಚ ಹಿಡಿಯಿತು? ಸಮುದ್ರದ ಉಪ್ಪಿಗಿಂತ ಅದು ಎಷ್ಟು ಪಟ್ಟು? ಲೆಕ್ಕ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಟೂರಿನ ಹಣ ಕೇಳುವ ಮೊದಲು ಮನೆಯವರಿಗೂ ತೋರಿಸಿ.