ಅಜ್ಜಿಯನ್ನು ಕೂರಿಸಬೇಡಿ, ನಡೆಯಲು ಬಿಡಿ

ಬಚ್ಚಲಲ್ಲಿ ಒಮ್ಮೆ ಕಾಲು ಜಾರಿದ ಅಜ್ಜಿಗೆ ಮನೆಮಂದಿಯೆಲ್ಲ ಹೇಳುವುದು ಒಂದೇ ಮಾತು: ‘ಸುಮ್ನೆ ಒಂದ್ಕಡೆ ಕೂತ್ಕೊಳ್ಳಮ್ಮ, ಏನು ಬೇಕೋ ನಾವೇ ತಂದ್ಕೊಡ್ತೀವಿ.’ ಹೇಳುವುದು ಪ್ರೀತಿಯಿಂದಲೇ. ಆದರೆ ಅವರು ಮತ್ತೆ ಬೀಳಲು ದಾರಿ ಮಾಡಿಕೊಡುವುದೂ ಇದೇ ಮಾತು.

ಮೂಳೆ ಮುರಿಯದಿದ್ದರೂ ಬಿದ್ದವರಲ್ಲಿ ಭಯ ಉಳಿಯುತ್ತದೆ. ಒಮ್ಮೆಯೂ ಬೀಳದವರಲ್ಲೂ ಅದಿರುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೊದಲು ಬಸ್ಸು ಹತ್ತುವುದು ನಿಲ್ಲುತ್ತದೆ, ಆಮೇಲೆ ದೇವಸ್ಥಾನ, ಕೊನೆಗೆ ಅಂಗಳದ ತುಳಸಿಗೆ ನೀರೆರೆಯುವುದೂ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದು ಮೂಳೆ ಮೊದಲೇ ಸವೆದಿರುತ್ತದೆ. ಹೀಗಿರುವಾಗ ಹೊಸಿಲು ಎಡವಿದರೂ ಸೊಂಟದ ಮೂಳೆ ಮುರಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ; ಅವರಲ್ಲಿ 60 ದಾಟಿದವರೇ ಹೆಚ್ಚು.

ವಯಸ್ಸಾದ ಮೇಲೆ ಬೀಳುವುದು ಸಹಜ ಎಂದು ಕೈಚೆಲ್ಲುವುದು ತಪ್ಪು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ತಂಡ 80 ದಾಟಿದ 233 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮವನ್ನು ಮನೆಯಲ್ಲೇ ಕಲಿಸಿತು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನವರು ಬಿದ್ದದ್ದು ಕಡಿಮೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2019ರ ವರದಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ತೂಗಿ ನೋಡಿ, ವ್ಯಾಯಾಮದಿಂದ ಬೀಳುವಿಕೆ ಸುಮಾರು ಶೇ 23ರಷ್ಟು ತಗ್ಗುತ್ತದೆ ಎಂದಿತು.

ಇದಕ್ಕೆ ಜಿಮ್ ಬೇಕಿಲ್ಲ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ನಿಧಾನವಾಗಿ ಇಳಿಯುವುದು. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಹತ್ತು ಎಣಿಸುವುದು. ಗಟ್ಟಿ ಕುರ್ಚಿಯಿಂದ ಆದಷ್ಟು ಕೈಯೂರದೆ ಏಳುವುದು. ಸೊಸೆಯೋ ಮೊಮ್ಮಗನೋ ಪಕ್ಕದಲ್ಲಿರಲಿ, ಆದರೆ ರಟ್ಟೆ ಹಿಡಿದು ಎತ್ತುವುದು ಬೇಡ. ಏಳುವ ಶ್ರಮ ಅಜ್ಜಿಯದೇ ಆಗಬೇಕು. ಈಗಾಗಲೇ ಬಿದ್ದವರು ವೈದ್ಯರನ್ನು ಕೇಳಿ ಶುರುಮಾಡುವುದು ಒಳ್ಳೆಯದು.

ಬಚ್ಚಲ ಗೋಡೆಗೊಂದು ಹಿಡಿಕೆ, ರಾತ್ರಿಗೊಂದು ಸಣ್ಣ ದೀಪ ಬೇಕು. ಸವೆದ ಹವಾಯಿ ಚಪ್ಪಲಿ, ಜಾರುವ ಕಾಲೊರೆಸು ಮನೆಯಿಂದಾಚೆ ಹೋಗಲಿ. ಬಿ.ಪಿ. ಅಥವಾ ನಿದ್ದೆ ಮಾತ್ರೆ ನುಂಗುವವರಿಗೆ ಎದ್ದ ಕೂಡಲೇ ತಲೆ ಸುತ್ತಿದರೆ ವೈದ್ಯರಿಗೆ ತಿಳಿಸಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು. ಕಣ್ಣಿನ ಪೊರೆಯ ಚಿಕಿತ್ಸೆಯನ್ನೂ ಮುಂದೂಡಬಾರದು.

ಉಳಿದದ್ದು ಸರ್ಕಾರದ ಪಾಲು. ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮವಿದೆ, ಫಿಸಿಯೋಥೆರಪಿಯೂ ಅದರ ಭಾಗ. ಫಿಸಿಯೋಥೆರಪಿ ತಜ್ಞರು ಬಿದ್ದವರಿಗಾಗಿ ಆಸ್ಪತ್ರೆಯಲ್ಲಿ ಕಾಯುವ ಬದಲು ಊರಿಗೆ ಬರಲಿ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಗೆ ಅಜ್ಜಿಯರನ್ನೂ ಕರೆದು, ಅಲ್ಲೇ ಅರ್ಧ ಗಂಟೆ ಈ ವ್ಯಾಯಾಮ ಕಲಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಊರಿನ ಹೆಂಗಸರೂ ಇದನ್ನು ಕೇಳಬೇಕು.